ಪೈನ್ ಬೀದಿ ಶಾಲೆಯೂ ಲವೀನಿಯಾಳ ನಕ್ಷೆಯೂ

ಲವೀನಿಯಾ ಪೆಟಿಫರ್ಡ್ ಹೊಲಿದ ಬಟ್ಟೆ ಇಲ್ಲದೆ ಪೈನ್ ಬೀದಿಯಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಮಣ್ಣೂ ಆಗುತ್ತಿರಲಿಲ್ಲ. ಹಿರಿಯರನ್ನು ಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸುವ ಕೊನೆಯ ಅಂಗಿಗೂ ಅವಳು ಕೊರಳಪಟ್ಟಿಗೆ ಎರಡೆರಡು ಸಲ ಹೊಲಿಗೆ ಹಾಕುತ್ತಿದ್ದಳು. "ಮಣ್ಣೊಳಗೆ ಯಾರು ನೋಡ್ತಾರೆ ಲವೀನಿಯಾ?" ಎಂದು ಯಾರಾದರೂ ನಕ್ಕರೆ, "ನಾನು ನೋಡಿದೀನಲ್ಲ" ಅನ್ನುವಳು.

ಉತ್ತರ ಕ್ಯಾರೊಲೈನಾದ ಕಾಲ್ವರ್ಟನ್ ಹೊಗೆಸೊಪ್ಪಿನ ಊರು. ಊರ ನಡುವೆ ರೈಲು ಹಳಿ. ಹಳಿಯ ಪೂರ್ವಕ್ಕೆ ಕಪ್ಪು ಜನ, ಪಶ್ಚಿಮಕ್ಕೆ ಬಿಳಿಯರು. ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆಸೊಪ್ಪಿನ ಘಾಟು ಮಾತ್ರ ಪೂರ್ವದಲ್ಲೇ ಉಳಿಯುತ್ತದೆ ಎಂದು ಲವೀನಿಯಾಳ ಅಮ್ಮ ಹೇಳುತ್ತಿದ್ದಳು. ಅವಳು ಕಾರ್ಖಾನೆಯಲ್ಲಿ ಎಲೆಯಿಂದ ನಾರು ಬಿಡಿಸುತ್ತಾ ಬಿಡಿಸುತ್ತಾ ಎದೆ ಕೆಡಿಸಿಕೊಂಡವಳು. ಅಪ್ಪ ಉತ್ತರದ ಕಡೆ ಕೆಲಸ ಹುಡುಕಿಕೊಂಡು ಹೋದವನು ಒಂದೆರಡು ಕಾಗದ ಬರೆದ, ಆಮೇಲೆ ಸುದ್ದಿಯಿಲ್ಲ.

ಲವೀನಿಯಾಳನ್ನು ಮನುಷ್ಯಳನ್ನಾಗಿ ಮಾಡಿದ್ದು ಪೈನ್ ಬೀದಿ ಶಾಲೆ, ಅಂದರೆ ಮಿಸ್ ಅಲ್ಮೀಡಾ ಕೊಜಾರ್ಟ್. ಕಡ್ಡಿಯಂಥ ಹೆಂಗಸು, ಧ್ವನಿ ಮಾತ್ರ ಚರ್ಚಿನ ಗಂಟೆ. ಶಾಲೆಗೆ ಬರುತ್ತಿದ್ದ ಪುಸ್ತಕಗಳೆಲ್ಲ ಬಿಳಿಯರ ಶಾಲೆಯಲ್ಲಿ ಹರಿದು ಹಳತಾದವು. ಗೋಡೆಗೆ ತೂಗುಹಾಕಿದ್ದ ಪ್ರಪಂಚದ ನಕ್ಷೆಯೂ ಅಲ್ಲಿಂದಲೇ ಬಂದದ್ದು. ಅದರಲ್ಲಿ ದಕ್ಷಿಣ ಅಮೆರಿಕದ ಅರ್ಧವನ್ನು ಇಲಿ ತಿಂದಿತ್ತು. ಮಿಸ್ ಹಿಂದಿನಿಂದ ಬಟ್ಟೆ ಅಂಟಿಸಿ, ಇಲಿ ತಿಂದ ದೇಶಗಳನ್ನೆಲ್ಲ ತಾವೇ ಬಣ್ಣದಲ್ಲಿ ಬರೆದು, ನದಿಗಳ ಸಮೇತ ಕಲಿಸಿದ್ದರು. "ಕಾಗದದಲ್ಲಿ ಇಲ್ಲ ಅಂದ್ರೆ ಭೂಮಿ ಮೇಲೆ ಇಲ್ಲ ಅಂತಲ್ಲ, ಗೊತ್ತಾಯ್ತಾ?" ಎಂದು ಗದರುತ್ತಿದ್ದರು. ನಕ್ಷೆ ಓದುವುದನ್ನು ಲವೀನಿಯಾ ಕಲಿತದ್ದು ಅಲ್ಲಿ.

ಹದಿನಾರಕ್ಕೆ ಓದು ನಿಂತು, ಪಶ್ಚಿಮದ ಒಂದು ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಬಿಳಿಯ ಏಪ್ರನ್, ಹಿಂಬಾಗಿಲು, ಹಿತ್ತಲ ಮೆಟ್ಟಿಲ ಮೇಲೆ ಊಟ. ಮನೆಯೊಡತಿ ಕೆಟ್ಟವಳೇನಲ್ಲ. ಆದರೆ ಒಂದು ದಿನ ಆ ಮನೆಯ ಪುಟ್ಟ ಮಗಳು ಗೆಳತಿಯರಿಗೆ ಬೊಂಬೆ, ನಾಯಿಮರಿ, ಸೈಕಲ್ಲು ಎಲ್ಲ ತೋರಿಸಿ, ಕೊನೆಗೆ ಇವಳತ್ತ ಬೆರಳು ಮಾಡಿ, "ಇವಳು ನಮ್ಮ ಲವೀನಿಯಾ" ಅಂದಳು. ಲವೀನಿಯಾ ಪಾತ್ರೆ ತೊಳೆದು ಮುಗಿಸಿ, ಏಪ್ರನ್ನನ್ನು ಮೊಳೆಗೆ ಸಿಕ್ಕಿಸಿ ಮನೆಗೆ ಬಂದಳು. ಮತ್ತೆ ಆ ಕಡೆ ತಲೆಹಾಕಲಿಲ್ಲ.

"ಬೈದ್ರಾ? ಹೊಡೆದ್ರಾ? ಸಂಬಳ ಕೊಡಲಿಲ್ವಾ?" ಅಮ್ಮ ಹಣೆ ಚಚ್ಚಿಕೊಂಡಳು.

"ಏನೂ ಇಲ್ಲಮ್ಮ."

"ಮತ್ತೆ ಯಾಕೆ ಬಿಟ್ಟು ಬಂದೆ, ಮಹಾರಾಣೀ?"

ಇನ್ನು ಸಾಯುವವರೆಗೂ ಏಪ್ರನ್ ಕಟ್ಟುವುದಿಲ್ಲ ಎಂದು ಲವೀನಿಯಾ ಆಣೆ ಇಟ್ಟುಕೊಂಡಳು. ಹೊಲಿಗೆ ಕಲಿತಳು, ಮುಂಗೋಣೆಯಲ್ಲಿ ಮಿಷನ್ ಹಾಕಿದಳು. ಹೊಗೆಸೊಪ್ಪಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಗ್ರೇಡಿಯನ್ನು ಮದುವೆಯಾದಳು. ಗ್ರೇಡಿಗೆ ಮಾತು ಕಮ್ಮಿ, ಕೆಲಸ ಜಾಸ್ತಿ. ಮಗಳು ಹುಟ್ಟಿದಳು, ವರ್ನೀಸ್.

ವರ್ನೀಸ್ ಶಾಲೆಗೆ ಹೋಗುವ ಹೊತ್ತಿಗೆ ಪೈನ್ ಬೀದಿ ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಮಕ್ಕಳು ಬೆಳಗ್ಗೆ, ಅರ್ಧ ಮಕ್ಕಳು ಮಧ್ಯಾಹ್ನ, ಎರಡು ಪಾಳಿ. ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿ ಅದರಲ್ಲೂ ಪಾಠ. ಮಿಸ್ ಅಲ್ಮೀಡಾ ಆಗ ಹೆಡ್‌ಮಿಸ್. ಬೆಳಗಿನಿಂದ ಸಂಜೆವರೆಗೆ ಎರಡೂ ಪಾಳಿಗೆ ಕೂಗುವ ಗಂಟಲು ಅವರೊಬ್ಬರದೇ. ಅದೇ ಕಾಲಕ್ಕೆ ಪಶ್ಚಿಮದ ದಿಬ್ಬದ ಮೇಲೆ ಓಕ್‌ಹಿಲ್ ಎಂಬ ಹೊಸ ಶಾಲೆ ಎದ್ದಿತು. ಅಲ್ಲಿ ಬೆಂಚುಗಳು ಖಾಲಿ ಎಂದು ಅಲ್ಲಿ ನೆಲ ಒರೆಸುವವರು ಬಂದು ಹೇಳುತ್ತಿದ್ದರು.

ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡಬಾರದು ಎಂದು ದೇಶದ ದೊಡ್ಡ ಕೋರ್ಟು ಹೇಳಿ ಆಗಲೇ ಹತ್ತು ವರ್ಷ ದಾಟಿತ್ತು. ಕಾಲ್ವರ್ಟನ್ನಿನ ಶಾಲಾ ಮಂಡಳಿ ಕೇಳಿದಾಗಲೆಲ್ಲ ಒಂದೇ ಮಾತು ಹೇಳುತ್ತಿತ್ತು: "ನಾವು ಬಣ್ಣ ನೋಡೋದೇ ಇಲ್ಲ. ಯಾವ ಮಗುವಿಗೆ ಯಾವ ಶಾಲೆ ಹತ್ತಿರವೋ ಅದಕ್ಕೆ ಹೋಗುತ್ತೆ. ಯಾರು ಎಲ್ಲಿ ಮನೆ ಮಾಡ್ಕೊಂಡಿದಾರೋ ಅದಕ್ಕೆ ನಾವೇನು ಮಾಡೋಣ?"

ಲೂಷಿಯಸ್ ಡಾನ್ಸಿ ಎಂಬ ಕಪ್ಪು ವಕೀಲ ಆ ಮಾತನ್ನು ಸುಳ್ಳು ಮಾಡಿ ತೋರಿಸುತ್ತೇನೆಂದು ದಾವೆ ಹೂಡಿದ. ಪೈನ್ ಬೀದಿಯ ಚರ್ಚಿನ ನೆಲಮಾಳಿಗೆಯಲ್ಲಿ ತಂದೆತಾಯಂದಿರನ್ನು ಸೇರಿಸಿ ಹೇಳಿದ: "ನಂಗೆ ಒಂದು ನಕ್ಷೆ ಬೇಕು. ಯಾವ ಬೀದೀಲಿ ಯಾವ ಬಣ್ಣದ ಜನ, ಯಾವ ಶಾಲೆ ಎಲ್ಲಿ, ಯಾವ ಬೀದಿ ಮಕ್ಕಳು ಯಾವ ಶಾಲೆಗೆ ಅಂತ ಮಂಡಳಿ ಎಳೆದ ಗಡಿ ಎಲ್ಲಿಂದ ಎಲ್ಲಿಗೆ. ಬಾಯಲ್ಲಿ ಹೇಳಿದ್ರೆ ಜಡ್ಜು ಕೇಳಲ್ಲ. ಕಣ್ಣಿಗೆ ಕಾಣಬೇಕು."

ಪೂರ್ವದ ಬೀದಿಗಳು ಸುಲಭ. ಪಶ್ಚಿಮಕ್ಕೆ ಇಬ್ಬರು ಕಾಲೇಜು ಹುಡುಗರನ್ನು ಕಳಿಸಿದ್ದರು. ಟೈ ಕಟ್ಟಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಹೋದವರು ಎರಡನೆಯ ಬೀದಿ ತಿರುಗುವಷ್ಟರಲ್ಲಿ ಪೊಲೀಸ್ ಗಾಡಿಯಲ್ಲಿದ್ದರು.

"ಟೈ ಕಟ್ಟಿದ ಕಪ್ಪು ಹುಡುಗ ಅಂದ್ರೆ ಅವ್ರಿಗೆ ಕಳ್ಳನೇ," ಎಂದಳು ಹಿಂದಿನ ಸಾಲಿನಲ್ಲಿದ್ದ ಲವೀನಿಯಾ. "ಏಪ್ರನ್ ಕಟ್ಟಿದ ಕಪ್ಪು ಹೆಂಗಸಾದ್ರೆ ಕಣ್ಣಿಗೇ ಬೀಳಲ್ಲ."

ಎಲ್ಲರೂ ತಿರುಗಿ ನೋಡಿದರು. ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು.

ಮನೆಗೆ ಬಂದು ಬಿಳಿ ಹತ್ತಿಬಟ್ಟೆ ಕತ್ತರಿಸತೊಡಗಿದಳು. ಗ್ರೇಡಿ ಬಾಗಿಲಲ್ಲಿ ನಿಂತು ನೋಡಿದ.

"ಯಾರಿಗೆ?"

"ನಂಗೆ."

ಅವನು ಬಟ್ಟೆಯ ತುದಿ ಎತ್ತಿ ನೋಡಿದ. "ಸಾಯೋವರೆಗೂ ಕಟ್ಟಲ್ಲ ಅಂದಿದ್ದೆ."

"ಅಂದಿದ್ದೆ."

"ಜೇಬು ಇಡು ಅದಕ್ಕೆ, ದೊಡ್ಡದು," ಎಂದ ಗ್ರೇಡಿ. "ನಕ್ಷೆ ಮಡಚಿ ಇಟ್ಕೊಳಕ್ಕೆ ಬೇಕಾಗುತ್ತೆ."

ಆ ಬೇಸಿಗೆಯೆಲ್ಲ ಲವೀನಿಯಾ ಪಶ್ಚಿಮದ ಬೀದಿಗಳನ್ನು ತುಳಿದಳು. ಕೈಯಲ್ಲಿ ತರಕಾರಿಯ ಚೀಲ, ಕಣ್ಣು ನೆಲಕ್ಕೆ, ನಡಿಗೆ ಯಾರದೋ ಮನೆಗೆ ತಡವಾಗಿದೆ ಎಂಬಂತೆ. ಅವಳು ಅಂದದ್ದು ಸುಳ್ಳಾಗಲಿಲ್ಲ, ಯಾರೂ ನೋಡಲಿಲ್ಲ. ಒಬ್ಬ ಬಿಳಿಯ ಹೆಂಗಸು ಮಾತ್ರ ಓಕ್‌ಹಿಲ್ ಶಾಲೆಯ ಹಿಂದಿನ ರಸ್ತೆಯಲ್ಲಿ ವರಾಂಡದಿಂದ ಕೂಗಿದಳು. ವಯಸ್ಸಿನಲ್ಲಿ ವರ್ನೀಸಳಿಗೆ ಅಕ್ಕನ ಹಾಗಿದ್ದಳು.

"ಏ ಹುಡುಗೀ! ಯಾರ ಮನೆಯವಳೇ ನೀನು?"

ನಲವತ್ತು ದಾಟಿದ ಲವೀನಿಯಾ ನಿಂತಳು. "ಆ ಮೂಲೆ ಮನೆ ಕೆಲಸದವಳು, ಅಮ್ಮಾವ್ರೇ. ಹೊಸಬಳು."

"ಬಾ ಇಲ್ಲಿ, ಇದನ್ನ ಸ್ವಲ್ಪ ಎತ್ಕೋ. ಒಳಗೆ ಫೋನು ಹೊಡ್ಕೋತಿದೆ."

ಅಳುವ ಕೂಸನ್ನು ಇವಳ ಕೈಗೆ ತುರುಕಿ ಒಳಗೆ ಹೋದಳು. ಲವೀನಿಯಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಕೂಸು ಮಲಗಿತು. ಆ ವರಾಂಡದಿಂದ ಹೊಸ ಶಾಲೆಯ ಕಿಟಕಿಗಳು ಒಂದೊಂದೂ ಕಾಣುತ್ತಿದ್ದವು. ಅವಳು ಕೂಸು ತೂಗುತ್ತಲೇ ಆ ರಸ್ತೆಯ ಮನೆಗಳನ್ನು ಕಣ್ಣಲ್ಲೇ ಗುರುತು ಮಾಡಿಕೊಂಡಳು. ಇಂಥ ಕೂಸಿನ ಎದುರು ಕಳ್ಳತನ ಮಾಡುತ್ತಿದ್ದೇನೆ ಅನ್ನಿಸಿತು. ಹಿಂದೆಯೇ ತಗಡಿನ ಶೆಡ್ಡಿನಲ್ಲಿ ಬೆವರುವ ವರ್ನೀಸಳ ಮುಖ ಕಣ್ಣಿಗೆ ಬಂತು, ಆ ಅಳುಕು ಹೋಯಿತು.

ಆವತ್ತೇ ಅವಳಿಗೆ ಗಲ್ಲಿ ರೋ ಎಂಬ ಕೇರಿ ಸಿಕ್ಕಿತು. ದಿಬ್ಬದ ಹಿಂಬದಿಯಲ್ಲಿ, ಕಣಿವೆಯ ಹಾಗೆ ಇಳಿದ ಜಾಗದಲ್ಲಿ ಹತ್ತಾರು ಮರದ ಮನೆಗಳು. ಎಲ್ಲ ಕಪ್ಪು ಜನ, ಬಿಳಿಯರ ಮನೆಗಳಿಗೆ ಅಡುಗೆ, ತೋಟದ ಕೆಲಸ ಮಾಡಿಕೊಂಡು ಅಜ್ಜನ ಕಾಲದಿಂದ ಇದ್ದವರು. ಅವರ ಹಿತ್ತಲ ಬೇಲಿಗೆ ತಾಗಿಕೊಂಡೇ ಓಕ್‌ಹಿಲ್ ಶಾಲೆಯ ಆಟದ ಬಯಲು. ಆದರೆ ಶಾಲೆಯ ಗಡಿ ಅಲ್ಲಿಗೆ ಬಂದು, ಹಾವಿನ ಹಾಗೆ ಬಳುಕಿ, ಗಲ್ಲಿ ರೋ ಬಿಟ್ಟು, ಆಚೆಗೆ ದೂರದ ಬಿಳಿಯರ ಬಡಾವಣೆಯನ್ನು ಒಳಗೆ ಹಾಕಿಕೊಂಡಿತ್ತು. ಗಲ್ಲಿ ರೋದ ಮಕ್ಕಳು ದಿಬ್ಬ ಹತ್ತಿ ಇಳಿದು, ಹಳಿ ದಾಟಿ, ಪೈನ್ ಬೀದಿಗೆ ನಡೆದು ಬರಬೇಕು.

ಕುಡಿಯಲು ನೀರು ಕೊಟ್ಟ ಅಲ್ಲಿಯ ಮುದುಕಿ ಬೇಲಿ ತೋರಿಸಿ ನಕ್ಕಳು: "ನಮ್ಮ ಕೋಳಿಗಳು ದಿನಾ ಆ ಇಸ್ಕೂಲಿಗೆ ಹೋಗಿ ಬರ್ತವೆ ಕಣಮ್ಮ, ಯಾರೂ ಏನೂ ಅನ್ನಲ್ಲ. ಮೊಮ್ಮಕ್ಕಳನ್ನ ಮಾತ್ರ ಹತ್ತಿರ ಬಿಡಲ್ಲ. ಮುಂದಿನ ಜನ್ಮದಲ್ಲಿ ಕೋಳಿಯಾಗಿ ಹುಟ್ರೋ ಅಂದಿದೀನಿ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಊರಿನ ನಕ್ಷೆ ಹಾಸಿಕೊಂಡಿತ್ತು. ಕಪ್ಪು ಜನರಿರುವ ಬೀದಿಗಳಿಗೆ ಲವೀನಿಯಾ ಕಂದು ಪೆನ್ಸಿಲ್ ತೀಡಿದಳು. ಬಿಳಿಯರ ಬೀದಿಗಳನ್ನು ಹಾಗೇ ಬಿಟ್ಟಳು. ಒಂದೊಂದು ಶಾಲೆಗೆ ಒಂದೊಂದು ಗುಂಡುಸೂಜಿ. ಸೂಜಿಗಳ ಸುತ್ತ ಗಡಿ ಹೋದ ಕಡೆಯೆಲ್ಲ ಕೆಂಪು ದಾರ ಎಳೆದಳು. ಮುಗಿಸಿ ದೂರ ನಿಂತು ನೋಡಿದರೆ, ದಾರ ಒಂದೇ ಒಂದು ಕಡೆಯೂ ಕಂದು ಬಣ್ಣವನ್ನು ಅಡ್ಡ ಹಾಯ್ದಿರಲಿಲ್ಲ. ಅಂಚು ಹಿಡಿದೇ ನಡೆದಿತ್ತು. ಹೊಸ ಶಾಲೆಗಳೆಲ್ಲ ಅಂಚಿನಿಂದ ಆದಷ್ಟು ದೂರ, ಬಿಳಿಯ ಭಾಗದ ಹೊಟ್ಟೆಯೊಳಗೆ ಕೂತಿದ್ದವು.

"ಕೈ ತಪ್ಪಿ ಹೀಗೆ ಕತ್ತರಿಸಕ್ಕಾಗಲ್ಲ," ಎಂದಳು ಗ್ರೇಡಿಗೆ. "ಅಳತೆ ಇಟ್ಟೇ ಕತ್ತರಿಸಿದಾರೆ."

ನಕ್ಷೆಯನ್ನು ಮೊದಲು ಮಿಸ್ ಅಲ್ಮೀಡಾಗೆ ತೋರಿಸಬೇಕೆಂದು ಅವಳ ಆಸೆ. ಶಾಲೆ ಬಿಟ್ಟ ಮೇಲೆ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಬಿಚ್ಚಿದಳು. ಮಿಸ್ ಕನ್ನಡಕ ಏರಿಸಿ, ಬೀದಿ ಬೀದಿಯಾಗಿ ನೋಡಿದರು.

"ಅಚ್ಚುಕಟ್ಟಾಗಿದೆ. ಒಂದು ತಪ್ಪೂ ಕಾಣಿಸ್ತಿಲ್ಲ." ಆಮೇಲೆ ಪೈನ್ ಬೀದಿಯ ಸೂಜಿಯ ತಲೆಯ ಮೇಲೆ ಬೆರಳಿಟ್ಟರು. "ಲವೀನಿಯಾ, ಇದನ್ನ ಯಾರ ಕೈಗೆ ಕೊಡ್ತಿದೀಯ ಅಂತ ಯೋಚನೆ ಮಾಡಿದೀಯಾ?"

"ಜಡ್ಜ್ ಕೈಗೆ, ಮಿಸ್."

"ಜಡ್ಜು ಓದ್ತಾನೆ, ತೀರ್ಪು ಬರೀತಾನೆ, ಮನೆಗೆ ಹೋಗ್ತಾನೆ. ಆಮೇಲೆ ಊರು ಸರಿ ಮಾಡೋರು ಇದೇ ಮಂಡಳಿಯವರು. ಎರಡು ಕಡೆ ಮಕ್ಕಳನ್ನ ಒಂದು ಮಾಡು ಅಂದ್ರೆ ಅವರು ಯಾವ ಸೂಜಿ ಕೀಳ್ತಾರೆ ಅಂದ್ಕೊಂಡೆ? ಓಕ್‌ಹಿಲ್ಲಿಂದಾ?"

"ಹಾಗಂತ ಸುಮ್ನಿರೋಣ್ವಾ? ನನ್ನ ಮಗಳು ತಗಡಿನ ಶೆಡ್ಡಲ್ಲಿ ಅರ್ಧ ದಿನ ಓದ್ತಾಳೆ ಮಿಸ್. ಅವರ ಬೆಂಚುಗಳು ಧೂಳು ತಿಂತಿವೆ."

"ಆ ಶೆಡ್ಡಿಂದ ಡಾಕ್ಟರಾಗಿ ಹೋದೋರು ಇದಾರೆ. ನೀನು ಇಂಥ ನಕ್ಷೆ ಮಾಡೋಳಾಗಿದ್ದೂ ಇಲ್ಲಿಂದಲೇ."

ಲವೀನಿಯಾಗೆ ರೇಗಿತು. ಬೇಸಿಗೆಯೆಲ್ಲ ನುಂಗಿಕೊಂಡಿದ್ದ 'ಏ ಹುಡುಗೀ'ಗಳೆಲ್ಲ ತಪ್ಪು ಜಾಗದಲ್ಲಿ ಹೊರಗೆ ಬಂದವು. "ನಿಮಗೆ ನಿಮ್ಮ ಕುರ್ಚಿ ಉಳೀಬೇಕು, ಅಷ್ಟೇ," ಅಂದುಬಿಟ್ಟಳು.

ಮಿಸ್ ನಕ್ಷೆಯನ್ನು ಸೂಜಿ ಅಲುಗದ ಹಾಗೆ ಮಡಚಿಕೊಟ್ಟು, "ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು" ಎಂದರು.

ಕೋರ್ಟಿನಲ್ಲಿ ಮಂಡಳಿಯ ವಕೀಲ ಬಿಳಿಯ ಸಾಕ್ಷಿಗಳನ್ನೆಲ್ಲ 'ನೀವು' ಎಂದು ಮಾತಾಡಿಸಿ, ಲವೀನಿಯಾಳ ಸರದಿ ಬಂದಾಗ 'ನೀನು' ಎಂದ. "ಏಪ್ರನ್ ಹಾಕ್ಕೊಂಡು ಮರ್ಯಾದಸ್ಥರ ಬೀದಿಗಳಲ್ಲಿ ಪತ್ತೇದಾರಿ ಮಾಡಿದೆ, ಅಲ್ವೇನು ಲವೀನಿಯಾ? ಕೇಳಿದೋರಿಗೆ ಸುಳ್ಳು ಹೇಳಿದೆ?"

"ಒಬ್ಬರಿಗೆ ಹೇಳಿದೆ," ಎಂದಳು. ಅಂದು ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ದೊಡ್ಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ವಯಸ್ಸಾದ ಜಡ್ಜು ನಕ್ಷೆಯನ್ನು ಬಹಳ ಹೊತ್ತು ನೋಡಿ, "ಆ ಗಲ್ಲಿ ರೋ ಅನ್ನೋದು ಎಲ್ಲಿದೆ? ಸ್ವಲ್ಪ ಬೆರಳಿಟ್ಟು ತೋರಿಸಿ" ಎಂದ. ತೋರಿಸಿದಳು. ಅವನು ಕೆಂಪು ದಾರವನ್ನು ಬೆರಳಿನಲ್ಲಿ ಹಿಡಿದು ಆ ತುದಿಯಿಂದ ಈ ತುದಿಯವರೆಗೂ ಸವರಿದ. ಅವಳ ಸಾಕ್ಷಿ ಅಷ್ಟೇ.

ತೀರ್ಪು ಬರಲು ವರ್ಷಗಳು ಹಿಡಿದವು. ಆ ನಡುವೆ ಮನೆಯ ಮುಂದಿನ ಕಿಟಕಿಗೆ ಎರಡು ಸಲ ಕಲ್ಲು ಬಿತ್ತು. ಗ್ರೇಡಿಯನ್ನು ಗೋದಾಮಿನವರು ಕಾರಣ ಹೇಳದೆ ಕೆಲಸದಿಂದ ತೆಗೆದರು. ಅವನು ಪಕ್ಕದ ಊರಿನಲ್ಲಿ ಮರ ಕೊಯ್ಯುವ ಕೆಲಸ ಹಿಡಿದು ವಾರಕ್ಕೊಮ್ಮೆ ಮನೆಗೆ ಬರುವಂತಾಯಿತು. ಬಂದಾಗ ನಕ್ಷೆಯ ಮಾತೆತ್ತುತ್ತಿರಲಿಲ್ಲ. "ಕಿಟಕಿ ಸರಿ ಮಾಡ್ದೆ" ಅನ್ನುತ್ತಿದ್ದ.

ಗೆದ್ದರು. ಗಡಿಗಳನ್ನು ಬೇಕೆಂದೇ ಬಣ್ಣ ನೋಡಿ ಎಳೆಯಲಾಗಿದೆ, ಇನ್ನು ಎಲ್ಲ ಮಕ್ಕಳೂ ಒಟ್ಟಿಗೆ ಓದಬೇಕು ಎಂದು ಜಡ್ಜು ಬರೆದ. ಚರ್ಚಿನಲ್ಲಿ ಹಾಡಿದರು, ಅತ್ತರು, ಕೋಳಿ ಕರಿದರು. ತೀರ್ಪಿನ ಕೊನೆಯಲ್ಲಿ ಒಂದು ಸಾಲಿತ್ತು: ಹೇಗೆ ಒಟ್ಟು ಮಾಡುವುದೆಂಬ ಯೋಜನೆಯನ್ನು ಮಂಡಳಿಯೇ ಮಾಡಿ ತರತಕ್ಕದ್ದು.

ಮಂಡಳಿ ಮಾಡಿ ತಂದಿತು. ಪೈನ್ ಬೀದಿ ಶಾಲೆಯ ಕಟ್ಟಡ ಹಳತು, ಅಂಗಳ ಸಣ್ಣದು, ಆದ್ದರಿಂದ ಮುಚ್ಚುವುದು. ಪೂರ್ವದ ಇನ್ನೊಂದು ಶಾಲೆಯನ್ನೂ ಮುಚ್ಚುವುದು. ಮಕ್ಕಳನ್ನು ಬಸ್ಸು ಹತ್ತಿಸಿ ಪಶ್ಚಿಮದ ಶಾಲೆಗಳಿಗೆ ಹಂಚುವುದು. ಕಪ್ಪು ಶಿಕ್ಷಕರಲ್ಲಿ ಅರ್ಧಕ್ಕರ್ಧ ಮಂದಿಗೆ ಕೆಲಸವಿಲ್ಲ. ಮಿಸ್ ಅಲ್ಮೀಡಾ ಕೊಜಾರ್ಟ್ ಅವರಿಗೆ ಓಕ್‌ಹಿಲ್‌ನಲ್ಲಿ ಪಠ್ಯಪುಸ್ತಕಗಳ ಮೇಲ್ವಿಚಾರಣೆ.

ಶಾಲೆ ಖಾಲಿ ಮಾಡಿಸುವ ದಿನ ಲವೀನಿಯಾ ಹೊಲಿಗೆ ಬಿಟ್ಟು ಓಡಿದಳು. ಮಂಡಳಿಯ ಟ್ರಕ್ಕು ಗೇಟಿನ ಬಳಿ ನಿಂತಿತ್ತು. ಬೆಂಚುಗಳನ್ನು ಸಾಲಾಗಿ ಪೇರಿಸಿದ್ದರು. ಓಟದಲ್ಲಿ ಗೆದ್ದ ಟ್ರೋಫಿಗಳು, ಪ್ರತಿ ವರ್ಷ ಪಾಸಾದವರ ಚೌಕಟ್ಟು ಹಾಕಿದ ಫೋಟೋಗಳು, ವಾದ್ಯಗಳು ಎಲ್ಲವನ್ನೂ ಕಸದ ರಾಶಿಗೆ ಎಸೆಯುತ್ತಿದ್ದರು. ಅವಳು ಫೋಟೋಗಳನ್ನು ಹೆಕ್ಕತೊಡಗಿದಾಗ ಕೆಲಸದವನು, "ತಗೊಳ್ಳಮ್ಮ, ತಗೋ, ನಮಗೇನು" ಎಂದ. ಅಂಗಳದ ತುಂಬ ಬೀದಿಯವರು ನಿಂತಿದ್ದರು. ಅವರಲ್ಲಿ ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂತು ಹಾಡುವ ಬ್ಯೂಲಾ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಹೊಲಿಗೆ ಚೆನ್ನಾಗಿ ಕಲ್ತಿದೀಯ ತಾಯೀ. ಇಡೀ ಬೀದಿ ಬಾಯೇ ಹೊಲಿದುಬಿಟ್ಟೆ."

ಯಾರೂ ಬ್ಯೂಲಾಳನ್ನು ಸುಮ್ಮನಿರಿಸಲಿಲ್ಲ. ಲವೀನಿಯಾಳೂ ತಲೆಯೆತ್ತಲಿಲ್ಲ. ಹೆಕ್ಕಿದ ಫೋಟೋಗಳನ್ನು ಎದೆಗವಚಿಕೊಂಡು ಮನೆಗೆ ಹೋಗದೆ, ನೇರ ಮಿಸ್ ಅಲ್ಮೀಡಾರ ಮನೆಗೆ ಹೋದಳು. ಅಂದು ಬಾಗಿಲು ಹಾಕಿಕೊಂಡು ಬಂದ ಮೇಲೆ ಅವರೆದುರು ನಿಂತದ್ದೇ ಇಲ್ಲ.

ಮಿಸ್ ವರಾಂಡದಲ್ಲಿ ಬೀನ್ಸ್ ಕಾಳು ಸುಲಿಯುತ್ತಾ ಕೂತಿದ್ದರು. ಶಾಲೆಯ ಕಡೆ ಹೋಗಿರಲಿಲ್ಲ.

"ನೀವು ಹೇಳಿದ್ದೇ ಆಯ್ತು ಮಿಸ್," ಎಂದಳು ಮೆಟ್ಟಿಲ ಕೆಳಗೆ ನಿಂತು.

"ನಾನು ಹೇಳಿದ್ದು ಸುಳ್ಳಾಗಲಿ ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ." ಮಿಸ್ ಕೈ ನಿಲ್ಲಿಸಲಿಲ್ಲ. "ಕೂತ್ಕೋ ಅಂತ ಇವತ್ತು ಹೇಳಲ್ಲ ಲವೀನಿಯಾ. ನಂಗೆ ಆಗಲ್ಲ."

"ನಾನು ಆ ನಕ್ಷೆ ಮಾಡಬಾರದಿತ್ತಾ?"

ಕಾಳು ಪಾತ್ರೆಗೆ ಬೀಳುವ ಸದ್ದು ನಿಂತಿತು. "ಮಾಡಬೇಕಿತ್ತು. ಗಲ್ಲಿ ರೋ ಮಕ್ಕಳು ಆ ದಿಬ್ಬ ಹತ್ತಿ ಇಳಿಯೋದನ್ನ ನಾನು ಇಪ್ಪತ್ತು ಚಳಿಗಾಲ ನೋಡಿದೀನಿ, ಬೆರಳು ಸೆಟೆದು ಪೆನ್ಸಿಲ್ ಹಿಡಿಯಕ್ಕಾಗದೆ ಕೂರೋರು. ನೀನು ಮಾಡಿದ್ದು ಸರಿ. ನನ್ನ ಶಾಲೆ ಹೋಯ್ತು, ಅದೂ ನಿಜ. ಎರಡನ್ನೂ ಒಟ್ಟಿಗೆ ನುಂಗಕ್ಕೆ ನಂಗೆ ಸ್ವಲ್ಪ ದಿನ ಬೇಕು." ಮತ್ತೆ ಒಂದು ಕಾಯಿ ಎತ್ತಿಕೊಂಡರು. "ಆ ಫೋಟೋಗಳನ್ನ ಇಲ್ಲಿ ಇಟ್ಟು ಹೋಗು. ಮಳೆ ಬರೋ ಹಾಗಿದೆ."

ಲವೀನಿಯಾ ಸುಮ್ಮನೆ ಕೂರಲಿಲ್ಲ. ಇನ್ನೊಂದು ನಕ್ಷೆ ಮಾಡಿದಳು. ಮುಚ್ಚಿದ ಶಾಲೆಗಳು ಎಲ್ಲಿ, ಬಸ್ಸು ಹತ್ತುವ ಮಕ್ಕಳು ಯಾರ ಮಕ್ಕಳು, ಎಲ್ಲವೂ ಕಂದು ಭಾಗದಲ್ಲೇ. ಅದನ್ನು ಹಿಡಿದುಕೊಂಡು ಮಂಡಳಿಯ ಸಭೆಗೆ ಹೋದಳು. ಅಧ್ಯಕ್ಷ ನಗುಮುಖದ ಮನುಷ್ಯ. "ಅಮ್ಮಾ, ಒಟ್ಟಿಗೆ ಓದಿಸಿ ಅಂತ ಕೇಳಿದೋರು ನೀವೇ ತಾನೆ?" ಎಂದ. ಸಭೆ ನಕ್ಕಿತು. ಡಾನ್ಸಿ ಮೇಲ್ಮನವಿ ಹಾಕಿದ, ಅದು ನಿಲ್ಲಲಿಲ್ಲ.

ಆದರೂ ಶಾಲೆ ತೆರೆದ ಮೊದಲ ಬೆಳಗ್ಗೆ ಅವಳು ಗಲ್ಲಿ ರೋಗೆ ಹೋಗಿ ನಿಂತಳು. ಯಾರೂ ಕರೆದಿರಲಿಲ್ಲ. ಬೇಲಿಯಲ್ಲಿ ಒಂದು ಸಣ್ಣ ಗೇಟು ಮಾಡಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಕ್ಕಳು ಹಿತ್ತಲಿನಿಂದ ಹೊರಟು, ಬಯಲು ದಾಟಿ, ಬೆಲ್ಲು ಬಾರಿಸಿ ಮುಗಿಯುವುದರೊಳಗೆ ಒಳಗೆ ಹೋದರು. ಬಯಲಿನ ಆಚೆ ಕೆಲವು ಬಿಳಿಯ ತಾಯಂದಿರು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಒಬ್ಬಳು ಏನೋ ಕೂಗಿದಳು. ಲವೀನಿಯಾ ಆ ಮಕ್ಕಳು ಕಣ್ಮರೆಯಾಗುವವರೆಗೂ ನೋಡಿ, ಹಳಿ ದಾಟಿ, ಮುಚ್ಚಿದ ಶಾಲೆಯ ಮುಂದೆಯೇ ಹಾದು ಮನೆಗೆ ಬಂದಳು. ಖುಷಿಯಾಗಿದೆಯೋ ದುಃಖವಾಗಿದೆಯೋ ಅವಳಿಗೇ ತಿಳಿಯಲಿಲ್ಲ. ವರ್ನೀಸ್ ಬಿಳಿಯರ ಹೈಸ್ಕೂಲಿನಲ್ಲಿ ಮೊದಲ ವರ್ಷವೆಲ್ಲ ಊಟದ ಮೇಜಿನಲ್ಲಿ ಒಬ್ಬಳೇ ಕೂತಳು. ಓದು ಮುಗಿಸಿ ನರ್ಸ್ ಆದಳು.

ಮಿಸ್ ಅಲ್ಮೀಡಾಗೆ ಓಕ್‌ಹಿಲ್‌ನಲ್ಲಿ ಸಿಕ್ಕಿದ್ದು ಬಾಯ್ಲರ್ ಪಕ್ಕದ ಉಗ್ರಾಣ. ಕಿಟಕಿ ಇರಲಿಲ್ಲ. ಪುಸ್ತಕ ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಅವರು ದಿನಾ ಟೋಪಿ, ಕೈಗವಸು ತೊಟ್ಟೇ ಹೋಗುತ್ತಿದ್ದರು. ಒಂದು ದಿನ ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡ ಹುಡುಗನೊಬ್ಬ ಉಗ್ರಾಣದ ಬಾಗಿಲಲ್ಲಿ ಅಳುತ್ತಾ ನಿಂತಿದ್ದ. ಒಳಗೆ ಕರೆದು ಕೂರಿಸಿದರು, ನೋಡಿದರೆ ಅವನಿಗೆ ಓದಲು ಬರುತ್ತಿರಲಿಲ್ಲ. ಮರುದಿನ ಅವನೇ ಬಂದ, ಜೊತೆಗೆ ಇನ್ನೊಬ್ಬನನ್ನೂ ಕರೆತಂದ. ಕಪ್ಪು ಮಕ್ಕಳು ಬಂದರು. ಆಮೇಲೆ ದಿಬ್ಬದ ಕೆಳಗಿನ ಗಿರಣಿ ಕೆಲಸದವರ ಬಿಳಿಯ ಮಕ್ಕಳೂ ಬಂದರು. ಮೇಲಿನವರಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು.

ಇದನ್ನು ಮಿಸ್ ತಾವೇ ಲವೀನಿಯಾಳಿಗೆ ಹೇಳಿದ್ದು, ಬಹಳ ದಿನಗಳ ಮೇಲೆ, ಒಂದು ಭಾನುವಾರ ಚರ್ಚು ಬಿಟ್ಟಾಗ. ಹೇಳಿ, "ನನ್ನ ಕೋಟಿನ ಒಳಬಟ್ಟೆ ಹರಿದಿದೆ, ನೋಡ್ತೀಯಾ?" ಎಂದರು. ಲವೀನಿಯಾ ಒಳಬಟ್ಟೆ ಬದಲಾಯಿಸಿ ತೆಗೆದುಕೊಂಡು ಹೋದಳು. ಆವತ್ತು ಮಿಸ್ ಕೂತುಕೋ ಅಂದರು. ಆಮೇಲೆ ಭಾನುವಾರಗಳೆಲ್ಲ ಅಲ್ಲೇ. ಕುರ್ಚಿಯ ಮಾತಿಗೆ ಲವೀನಿಯಾ ಕ್ಷಮೆ ಕೇಳಿದ್ದಕ್ಕೆ, "ಯಾವ ಕುರ್ಚಿ?" ಎಂದು ಕೇಳಿ ಗೆಣಸಿನ ಪೈ ಕತ್ತರಿಸಿ ಕೊಟ್ಟಿದ್ದರು. ಬ್ಯೂಲಾ ಮಾತ್ರ ಬಹಳ ವರ್ಷ ಮುಖ ತಿರುಗಿಸಿಕೊಂಡೇ ಹಾಡಿದಳು.

ಮಿಸ್ ಅಲ್ಮೀಡಾ ತೊಂಬತ್ತರ ಹತ್ತಿರ ತೀರಿಕೊಂಡರು. ಗ್ರೇಡಿ ಅದಕ್ಕೆ ಮೊದಲೇ ಹೋಗಿದ್ದ. ಕಣ್ಣು ಮಂಜಾಗಿದ್ದ ಲವೀನಿಯಾ ಮಗಳಿಂದ ಸೂಜಿಗೆ ದಾರ ಹಾಕಿಸಿಕೊಂಡು ಮಿಸ್ಸಿನ ಕೊನೆಯ ಉಡುಪನ್ನು ತಾನೇ ಹೊಲಿದಳು.

ಮಣ್ಣಿನ ದಿನ ಚರ್ಚು ಸಾಲದೆ ಜನ ಬೀದಿಗೆ ಹರಿದರು. ಡೆಟ್ರಾಯಿಟ್‌ನಿಂದ, ನ್ಯೂಯಾರ್ಕಿನಿಂದ, ಎಲ್ಲೆಲ್ಲಿಂದಲೋ ಪೈನ್ ಬೀದಿ ಶಾಲೆಯಲ್ಲಿ ಓದಿದವರು ಬಂದಿದ್ದರು. ಯಾರು ಹೇಳಿದರೋ, ತಾವು ಪಾಸಾದ ವರ್ಷಕ್ಕೆ ತಕ್ಕಂತೆ ಸಾಲು ನಿಂತರು. ತಲೆ ನರೆತವರು ಮುಂದೆ, ಅವರ ಹಿಂದೆ ಕಿರಿಯರು, ಬೀದಿಯ ತುದಿಯವರೆಗೆ. ಲವೀನಿಯಾ ಕೋಲೂರಿಕೊಂಡು ತನ್ನ ವರ್ಷದವರ ಸಾಲಿಗೆ ಹೋದಳು. ಅಲ್ಲಿ ಬ್ಯೂಲಾ ನಿಂತಿದ್ದಳು. ಬ್ಯೂಲಾ ಸರಿದು ಜಾಗ ಬಿಟ್ಟಳು.

ಚರ್ಚಿನ ಗೋಡೆಯ ಬಳಿ ಬೇರೊಂದು ಗುಂಪು ನಿಂತಿತ್ತು, ಮೂವತ್ತರ ಆಸುಪಾಸಿನವರು. ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು. ಕೆಲಸದ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಬಿಳಿಯ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಲವೀನಿಯಾಳ ಹತ್ತಿರ ಬಂದ.

"ಅಮ್ಮಾ, ನಾವು ಈ ಶಾಲೆಯವರಲ್ಲ. ಮಿಸ್ ನಮಗೆ ಆ ಉಗ್ರಾಣದಲ್ಲಿ ಓದು ಹೇಳಿಕೊಟ್ಟಿದ್ರು. ಯಾವ ಸಾಲಲ್ಲಿ ನಿಂತ್ಕೋಬೇಕೋ ಗೊತ್ತಾಗ್ತಿಲ್ಲ."

ಲವೀನಿಯಾ ಬೀದಿಯುದ್ದಕ್ಕೂ ನೋಡಿದಳು. ಅವಳ ಕಣ್ಣಿಗೆ ಸಾಲಿನ ತುದಿ ಕಾಣಿಸಲಿಲ್ಲ.

"ಕೊನೇಲಿ ಹೋಗಿ ನಿಂತ್ಕೊಳ್ಳಪ್ಪ," ಎಂದಳು. "ಅವರ ಕೊನೆ ಕ್ಲಾಸು ನೀವೇ. ಅಲ್ಲಿ ಯಾರಾದ್ರೂ ಕೇಳಿದ್ರೆ ನಾನು ಹೇಳ್ದೆ ಅನ್ನು."

ಅವನು ಹೋಗಿ ತನ್ನವರನ್ನು ಕರೆದುಕೊಂಡು ಸಾಲಿನ ಹಿಂದೆ ಹಿಂದೆ ನಡೆದ. ಬಾಗಿಲು ತೆರೆಯಿತು, ಪೆಟ್ಟಿಗೆ ಹೊರಗೆ ಬಂತು, ಮುಂದಿದ್ದ ಮುದುಕರು ಹಾಡಲು ಶುರುಮಾಡಿದರು.